ಹಿಂಬದಿ ತಿರುಗಿಸಿ ನೋಡಿ: ಅಮೆರಿಕದ ಹಳೆಯ ರಾಜಕೀಯ ಚಿತ್ರ, ಚಳವಳಿಯ ಕಾಗದಗಳಲ್ಲಿ ಯಾವುದು ನಿಮಗೆ?

ಜಾರ್ಜ್ ವಾಷಿಂಗ್ಟನ್ ತನ್ನ ಸೇನಾಧಿಕಾರಿಗಳಿಗೆ ವಿದಾಯ ಹೇಳುವ ಚಿತ್ರವೊಂದಿದೆ. ನ್ಯೂಯಾರ್ಕಿನ ನಥಾನಿಯಲ್ ಕರಿಯರ್ 1848ರಲ್ಲಿ ಅಚ್ಚು ಹಾಕಿದ್ದು. ವಾಷಿಂಗ್ಟನ್ ಕೈಯಲ್ಲಿ ವೈನ್ ಗ್ಲಾಸು ಇದೆ, ಮೇಜಿನ ಮೇಲೆ ಮದ್ಯದ ಸೀಸೆ ಇದೆ. 1876ರಲ್ಲಿ ಅದೇ ಅಂಗಡಿ ಅದೇ ಚಿತ್ರವನ್ನು ಮತ್ತೆ ತಂದಿತು. ಆ ಹೊತ್ತಿಗೆ ಗ್ಲಾಸು ಮಾಯವಾಗಿತ್ತು. ಸೀಸೆ ಇದ್ದ ಜಾಗದಲ್ಲಿ ಒಂದು ಟೋಪಿ ಬಂದು ಕೂತಿತ್ತು. ನಡುವಿನ 28 ವರ್ಷಗಳಲ್ಲಿ ಕುಡಿತದ ವಿರುದ್ಧದ ಚಳವಳಿ ಎಷ್ಟು ಬೆಳೆದಿತ್ತು ಅಂದರೆ, ವಾಷಿಂಗ್ಟನ್ ಕೈಯಲ್ಲೂ ಗ್ಲಾಸು ತೋರಿಸುವುದು ಅಂಗಡಿಯವರಿಗೆ ಬೇಡವಾಗಿತ್ತು.

ಈ ಎರಡು ಹಾಳೆಗಳನ್ನು ಅಕ್ಕಪಕ್ಕ ನೋಡಿದ ದಿನದಿಂದ ಅಮೆರಿಕದ ಹಳೆಯ ಅಚ್ಚಿನ ಕಾಗದಗಳ ಸೆಳೆತ ನನ್ನನ್ನು ಬಿಟ್ಟಿಲ್ಲ. ನ್ಯೂಜೆರ್ಸಿಯ ಭಾನುವಾರದ ಸಂತೆಗಳಲ್ಲಿ, ಹಳೆಯ ಪುಸ್ತಕದಂಗಡಿಗಳಲ್ಲಿ, ಆನ್‌ಲೈನ್ ಹರಾಜುಗಳಲ್ಲಿ ಹುಡುಕುತ್ತಲೇ ಇದ್ದೇನೆ. ಇಲ್ಲಿಯ ಕನ್ನಡ ಗೆಳೆಯರು ಆಗಾಗ ಕೇಳುತ್ತಾರೆ: “ಮಕ್ಕಳು ಶಾಲೆಯಲ್ಲಿ ಇದನ್ನೆಲ್ಲ ಓದ್ತಿದ್ದಾರೆ. ಮನೇಲಿ ಒಂದು ಅಸಲಿ ಕಾಗದ ಇದ್ರೆ ಚೆನ್ನಾಗಿರುತ್ತೆ ಅಲ್ವಾ? ಏನು ತಗೊಳ್ಳೋಣ?” ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ನಿಮ್ಮ ಮುಂದೆ ಬರುವ ಆಯ್ಕೆಗಳು ಇವು: ಹಾರ್ಪರ್ಸ್ ವೀಕ್ಲಿ ವಾರಪತ್ರಿಕೆಯ ಬಿಡಿ ಪುಟ, ಪಕ್ ಪತ್ರಿಕೆಯ ಬಣ್ಣದ ಪುಟ, ಕರಿಯರ್ ಅಂಡ್ ಐವ್ಸ್ ಕಂಪನಿಯ ಗೋಡೆಚಿತ್ರ, ಮಹಿಳಾ ಮತದಾನ ಚಳವಳಿಯ ಪೋಸ್ಟ್‌ಕಾರ್ಡ್, ಕುಡಿಯುವುದಿಲ್ಲ ಅಂತ ಸಹಿ ಹಾಕುವ ಪಾನವಿರೋಧಿ ಚಳವಳಿಯ ಪ್ರತಿಜ್ಞೆ ಕಾರ್ಡ್, ಚಿಕ್ಕ ಫೋಟೋ ಚೀಟಿ, ಅಂಗಿಗೆ ಚುಚ್ಚಿಕೊಳ್ಳುವ ಚುನಾವಣೆಯ ಬಿಲ್ಲೆ, ಗುಲಾಮಗಿರಿ ವಿರೋಧಿ ಕರಪತ್ರ. ಇವುಗಳಲ್ಲಿ ಆರಿಸಲು ನನಗೆ ಒಂದೇ ದಾರಿ ಗೊತ್ತು. ಮುಂದಿನ ಚಿತ್ರ ಎಷ್ಟೇ ಚೆನ್ನಾಗಿರಲಿ, ಹಾಳೆಯನ್ನು ತಿರುಗಿಸಿ. ಅದು ಅಸಲಿಯೋ ನಕಲಿಯೋ, ಯಾರ ಕೈಯಲ್ಲಿ ಓಡಾಡಿತ್ತು, ಯಾವ ಕಾಲದ್ದು ಅನ್ನುವುದೆಲ್ಲ ಹೆಚ್ಚಾಗಿ ಹಿಂಬದಿಯಲ್ಲೇ ಇರುತ್ತದೆ. ಹಿಂಬದಿ ಏನೂ ಹೇಳದ ವಸ್ತುವನ್ನು ಕೊಳ್ಳಲು ಕಣ್ಣು ಪಳಗಿರಬೇಕು.

ಮೊದಲ ಸಲಕ್ಕೆ: ಹಾರ್ಪರ್ಸ್ ವೀಕ್ಲಿ ಪುಟ

ಹಾರ್ಪರ್ಸ್ ವೀಕ್ಲಿ 1857ರಿಂದ 1916ರವರೆಗೆ ನ್ಯೂಯಾರ್ಕಿನಿಂದ ಬಂತು. ಥಾಮಸ್ ನಾಸ್ಟ್ ಅನ್ನುವ ವ್ಯಂಗ್ಯಚಿತ್ರಕಾರನ ಹೆಸರು ಅದರ ಜೊತೆ ಅಂಟಿಕೊಂಡಿದೆ. ಜರ್ಮನಿಯ ಲಾಂಡೌ ಊರಲ್ಲಿ 1840ರಲ್ಲಿ ಹುಟ್ಟಿ, ಆರು ವರ್ಷದ ಹುಡುಗನಾಗಿ ನ್ಯೂಯಾರ್ಕಿಗೆ ಬಂದವನು. ರಿಪಬ್ಲಿಕನ್ ಪಕ್ಷಕ್ಕೆ ಆನೆಯ ಗುರುತು ನಿಂತದ್ದು ಆತ 1874ರ ನವೆಂಬರ್ 7ರ ಸಂಚಿಕೆಗೆ ಬರೆದ ಚಿತ್ರದಿಂದ. ನ್ಯೂಯಾರ್ಕ್ ನಗರದ ಹಣ ನುಂಗುತ್ತಿದ್ದ ಟ್ವೀಡ್ ಅನ್ನುವ ರಾಜಕಾರಣಿಯ ಬೆನ್ನು ಬಿದ್ದು, 1871ರಲ್ಲಿ ವಾರ ವಾರವೂ ಚಿತ್ರ ಬರೆದ. ಟ್ವೀಡ್ ಜೈಲು ತಪ್ಪಿಸಿಕೊಂಡು ಸ್ಪೇನಿಗೆ ಓಡಿದಾಗ, 1876ರಲ್ಲಿ ಅಲ್ಲಿಯ ಅಧಿಕಾರಿಗಳು ಅವನ ಗುರುತು ಹಿಡಿದದ್ದು ನಾಸ್ಟ್‌ನ ಚಿತ್ರದ ಸಹಾಯದಿಂದ.

ಈ ಪುಟಗಳು ಮರದಚ್ಚಿನವು. ಬಾಕ್ಸ್‌ವುಡ್ ಅನ್ನುವ ಗಟ್ಟಿ ಮರದ ಚಿಕ್ಕ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ ದೊಡ್ಡ ಹಲಗೆ ಮಾಡುತ್ತಿದ್ದರು. ಅದರ ಮೇಲೆ ಚಿತ್ರ ಬರೆದ ಮೇಲೆ ಕೆತ್ತುವವರು ತುಂಡುಗಳನ್ನು ಬಿಡಿಸಿ ಹಂಚಿಕೊಂಡು, ಬಿಳಿ ಉಳಿಯಬೇಕಾದ ಜಾಗವನ್ನೆಲ್ಲ ಕೆತ್ತಿ ತೆಗೆಯುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿ. ಕೆಲವು ದೊಡ್ಡ ಚಿತ್ರಗಳಲ್ಲಿ ಆ ತುಂಡುಗಳು ಸೇರಿದ ಕಡೆ ಕೂದಲೆಳೆಯಂಥ ಬಿಳಿ ಗೆರೆ ಮೇಲಿನಿಂದ ಕೆಳಗೆ ಹೋಗಿರುವುದು ಕಾಣುತ್ತದೆ. ನನಗೆ ಆ ಗೆರೆ ಕಂಡರೆ ಸಂತೋಷ. ಒಂದೇ ಚಿತ್ರವನ್ನು ಹಲವು ಕೈಗಳು ಕೆತ್ತಿದ ಗುರುತು ಅದು.

ಹಿಂಬದಿಯ ವಿಷಯಕ್ಕೆ ಬಂದರೆ ಹಾರ್ಪರ್ಸ್ ಪುಟ ತುಂಬಾ ಸುಲಭ. ತಿರುಗಿಸಿದರೆ ಅದೇ ವಾರದ ಸುದ್ದಿಯೋ ಧಾರಾವಾಹಿ ಕಥೆಯೋ ಜಾಹೀರಾತೋ ಸಿಗುತ್ತದೆ. ತಾರೀಖು ಪುಟದ ತಲೆಯ ಮೇಲೇ ಇರುತ್ತದೆ. ಇಷ್ಟು ಇದ್ದರೆ ಅರ್ಧ ಚಿಂತೆ ಹೋಯಿತು. ಲಕ್ಷಾಂತರ ಪುಟಗಳು ಉಳಿದಿರುವುದರಿಂದ ಬೆಲೆಯೂ ಕಡಿಮೆ. ಮನೆಮಂದಿ ಒಂದು ಸಲ ಹೊರಗೆ ಊಟ ಮಾಡಿದ ಖರ್ಚಿಗೆ ನಾಸ್ಟ್‌ನ ಸಾಧಾರಣ ಪುಟವೊಂದು ಸಿಗುತ್ತದೆ. ಆನೆಯಂಥ ಹೆಸರುವಾಸಿ ಚಿತ್ರಕ್ಕೆ ಜಾಸ್ತಿ ಕೊಡಬೇಕು. ಒಂದು ಎಚ್ಚರಿಕೆ: ನಾಸ್ಟ್‌ನ ಈ ಪುಟಗಳು ಅಚ್ಚಾದದ್ದು ಕಪ್ಪು ಬಿಳುಪಿನಲ್ಲಿ. ಬಣ್ಣ ತುಂಬಿದ ಪುಟ ಮಾರಾಟಕ್ಕಿದ್ದರೆ ಅದನ್ನು ಆಮೇಲೆ ಯಾರೋ ಚೌಕಟ್ಟಿಗೆ ಚೆಂದ ಕಾಣಲಿ ಅಂತ ತುಂಬಿದ್ದು. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಇಲ್ಲಿ ಒಂದು ಪುಟದ ಬಗ್ಗೆ ಹೇಳಲೇಬೇಕು. 1871ರ ಸೆಪ್ಟೆಂಬರ್ 30ರ ಸಂಚಿಕೆಯಲ್ಲಿ ನಾಸ್ಟ್ ಬರೆದ ಚಿತ್ರದ ಹೆಸರು ‘ದಿ ಅಮೆರಿಕನ್ ರಿವರ್ ಗ್ಯಾಂಜಿಸ್’. ಅಮೆರಿಕದ ಗಂಗಾ ನದಿ! ನದಿಯಿಂದ ದಡಕ್ಕೆ ಮೊಸಳೆಗಳು ತೆವಳಿ ಬರುತ್ತಿವೆ. ಹತ್ತಿರ ಹೋಗಿ ನೋಡಿದರೆ ಅವು ಕ್ಯಾಥೊಲಿಕ್ ಬಿಷಪ್ಪರು. ತಲೆಯ ಮೇಲಿನ ಎತ್ತರದ ಟೋಪಿಗಳೇ ಹಲ್ಲು ತುಂಬಿದ ದವಡೆಗಳು. ದಡದಲ್ಲಿ ಹೆದರಿದ ಮಕ್ಕಳು, ಅವರ ಮುಂದೆ ಕೋಟಿನೊಳಗೆ ಬೈಬಲ್ ಸಿಕ್ಕಿಸಿಕೊಂಡು ಅಡ್ಡ ನಿಂತ ಒಬ್ಬ ಯುವಕ. ಹಿಂದೆ ಪಾಳುಬಿದ್ದ ಶಾಲೆ, ಅದರ ಮೇಲೆ ತಲೆಕೆಳಗಾದ ಅಮೆರಿಕದ ಬಾವುಟ. ಸರ್ಕಾರದ ದುಡ್ಡು ಕ್ಯಾಥೊಲಿಕ್ ಶಾಲೆಗಳಿಗೆ ಹೋಗಬಾರದು ಅನ್ನುವುದು ಆತನ ವಾದ. ಹಾಗಾದರೆ ಗಂಗೆ ಯಾಕೆ ಬಂತು? ಹಿಂದೂ ತಾಯಂದಿರು ಕೂಸುಗಳನ್ನು ಗಂಗೆಯ ಮೊಸಳೆಗಳಿಗೆ ಎಸೆಯುತ್ತಾರೆ ಅನ್ನುವ ಕಥೆಯನ್ನು ಮಿಷನರಿಗಳು ಅಮೆರಿಕದ ಮನೆಮನೆಗೆ ಹಂಚಿದ್ದರು. ಓದುಗರಿಗೆ ಗಂಗೆ ಅಂದರೆ ಸಾಕಿತ್ತು, ಮೊಸಳೆ ಕಣ್ಣ ಮುಂದೆ ಬರುತ್ತಿತ್ತು.

ಈ ಪುಟವನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನೋವಾಯಿತು. ಕಪ್ಪು ಜನರ ಮತದಾನದ ಹಕ್ಕಿನ ಪರ ಅಷ್ಟು ಗಟ್ಟಿಯಾಗಿ ಬರೆದ ಕೈ ಇದೇ. ಐರಿಷರನ್ನು, ಕ್ಯಾಥೊಲಿಕರನ್ನು ಇಷ್ಟು ಕೀಳಾಗಿ ತೋರಿಸಿದ ಕೈಯೂ ಇದೇ. ಆದರೂ ಭಾರತದಿಂದ ಬಂದ ಮನೆಯಲ್ಲಿ ಇಡಲು ಇದಕ್ಕಿಂತ ಮಾತಾಡಿಸುವ ಪುಟ ನಾನು ಕಂಡಿಲ್ಲ. ಮಕ್ಕಳ ಜೊತೆ ಒಂದು ಸಂಜೆ ಪೂರ್ತಿ ಇದರ ಮುಂದೆ ಕೂರಬಹುದು.

ಗೋಡೆಗೆ ಬಣ್ಣ ಬೇಕು ಅಂದರೆ: ಪಕ್

ಹಜಾರದಲ್ಲಿ ತೂಗುಹಾಕಲು ಬಣ್ಣವೇ ಬೇಕು ಅನ್ನುವವರಿಗೆ ಪಕ್. ಜೋಸೆಫ್ ಕೆಪ್ಲರ್ 1876ರಲ್ಲಿ ಜರ್ಮನ್ ಭಾಷೆಯಲ್ಲಿ ಶುರು ಮಾಡಿ, 1877ರಲ್ಲಿ ಇಂಗ್ಲಿಷಿಗೂ ತಂದ ವಾರಪತ್ರಿಕೆ ಇದು. ಮುಖಪುಟ, ನಡುವಿನ ಜೋಡಿ ಪುಟ, ಕೊನೆಯ ಪುಟ, ಈ ಮೂರೂ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದ, ಬಣ್ಣದ ಚಿತ್ರಗಳು. 1889ರ ಜನವರಿ 23ರ ‘ದಿ ಬಾಸಸ್ ಆಫ್ ದಿ ಸೆನೆಟ್’ ಚಿತ್ರದಲ್ಲಿ ಸೆನೆಟ್ ಸಭಾಂಗಣದ ಹಿಂದೆ ದುಡ್ಡಿನ ಚೀಲದಂಥ ಹೊಟ್ಟೆಯ ಉದ್ಯಮಿಗಳು ಸಾಲಾಗಿ ನಿಂತಿದ್ದಾರೆ. ಉಕ್ಕು, ತಾಮ್ರ, ಸಕ್ಕರೆ, ಎಣ್ಣೆ ಅಂತ ಹೊಟ್ಟೆಯ ಮೇಲೇ ಬರೆದಿದೆ. ಜನರ ಬಾಗಿಲಿಗೆ ಬೀಗ ಬಿದ್ದಿದೆ. ಮುಂದಿನ ವರ್ಷವೇ ಏಕಸ್ವಾಮ್ಯದ ವಿರುದ್ಧ ಶರ್ಮನ್ ಕಾಯಿದೆ ಬಂತು.

ಪಕ್‌ನ ತೊಂದರೆ ಕಾಗದದ್ದು. 1860ರ ದಶಕದ ಹಾರ್ಪರ್ಸ್ ಪುಟದಲ್ಲಿ ಬಟ್ಟೆ ಚಿಂದಿಯ ಅಂಶ ಜಾಸ್ತಿ. ಇವತ್ತಿಗೂ ಮೆತ್ತಗೆ ಬಾಗುತ್ತದೆ. ಆಮೇಲೆ ಮರದ ತಿರುಳಿನ ಕಾಗದ ಬಂತು. ಅದು ತನ್ನದೇ ಆಮ್ಲದಿಂದ ಕಂದಾಗಿ, ಹಪ್ಪಳದ ಹಾಗೆ ಅಂಚು ಮುರಿಯುತ್ತದೆ. ನಡುವಿನ ಜೋಡಿ ಪುಟ ಮಡಿಕೆಯಲ್ಲೇ ಬಿಟ್ಟುಹೋಗಿರುತ್ತದೆ. ಹಿಂಬದಿಯಲ್ಲಿ ಟೇಪ್ ಹಾಕಿ ಅಂಟಿಸಿದ್ದರೆ ಆ ಪ್ರತಿ ಬೇಡ. ಟೇಪಿನ ಅಂಟು ಕಾಗದಕ್ಕೆ ಇಳಿದು ಹಳದಿ ಕಲೆ ಮುಂದೆ ತೋರುತ್ತದೆ. ಹಾರ್ಪರ್ಸ್ ಮತ್ತು ಪಕ್ ನಡುವೆ ಒಂದನ್ನೇ ಆರಿಸಿ ಅಂದರೆ, ಕೈಯಲ್ಲಿ ಹಿಡಿದು ಓದಲು ಹಾರ್ಪರ್ಸ್, ದೂರದಿಂದ ನೋಡಲು ಪಕ್.

ಕರಿಯರ್ ಅಂಡ್ ಐವ್ಸ್: ಆತುರ ಬೇಡ

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಕೊನೆಗೆ ಕೊಳ್ಳಿ ಅನ್ನುತ್ತೇನೆ.

ಕಲ್ಲಚ್ಚು ಕನ್ನಡಕ್ಕೂ ಹತ್ತಿರದ್ದು. ನಮ್ಮ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ಅದಾದ ಮೂರು ವರ್ಷಕ್ಕೆ, 1846ರಲ್ಲಿ, ಕರಿಯರ್ ನ್ಯೂಯಾರ್ಕಿನಲ್ಲಿ ‘ದಿ ಡ್ರಂಕರ್ಡ್ಸ್ ಪ್ರೋಗ್ರೆಸ್’ ತಂದ. ಕುಡುಕನ ಪಯಣ. ಕಮಾನಿನಂಥ ಮೆಟ್ಟಿಲ ಮೇಲೆ ಒಂಬತ್ತು ಹೆಜ್ಜೆ. ಮೊದಲನೆಯದು ‘ಗೆಳೆಯನ ಜೊತೆ ಒಂದು ಗ್ಲಾಸು’. ಎರಡನೆಯದು ‘ಚಳಿಗೆ ಒಂದು ಗ್ಲಾಸು’. ಐದನೆಯ ಹೆಜ್ಜೆಯಲ್ಲಿ ತುತ್ತತುದಿ, ಗೆಳೆಯರ ಮೋಜು. ಅಲ್ಲಿಂದ ಇಳಿಜಾರು: ಬಡತನ, ರೋಗ, ಕೈಬಿಟ್ಟ ಸ್ನೇಹಿತರು, ಅಪರಾಧ, ಒಂಬತ್ತನೆಯದರಲ್ಲಿ ಆತ್ಮಹತ್ಯೆ. ಕಮಾನಿನ ಕೆಳಗೆ ಅಳುತ್ತಿರುವ ಹೆಂಡತಿ, ಪಕ್ಕದಲ್ಲಿ ಮಗು. ಇಂಗ್ಲಿಷ್ ಬರದವರಿಗೂ ಅರ್ಥವಾಗುವ ಚಿತ್ರ.

1857ರಲ್ಲಿ ಜೇಮ್ಸ್ ಐವ್ಸ್ ಪಾಲುದಾರನಾದ. 1907ರಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಕಂಪನಿ 7,000ಕ್ಕೂ ಜಾಸ್ತಿ ಚಿತ್ರಗಳನ್ನು ತಂದಿತ್ತು. ಬಹುಪಾಲು ಚಿತ್ರಗಳಿಗೆ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಸಾಲಾಗಿ ಕೂತ ಹೆಣ್ಣುಮಕ್ಕಳಲ್ಲಿ ಒಬ್ಬೊಬ್ಬರದೂ ಒಂದೊಂದು ಬಣ್ಣ. ಎದುರಿಗೆ ಮಾದರಿ ಚಿತ್ರ. ಅವರಲ್ಲಿ ಜರ್ಮನಿಯಿಂದ ವಲಸೆ ಬಂದವರು ಬಹಳ.

ಇದನ್ನು ಕೊಳ್ಳುವುದು ಯಾಕೆ ಕಷ್ಟ ಅಂದರೆ, ಅಸಲಿ ಹಾಳೆಯ ಹಿಂಬದಿ ಖಾಲಿ. ನಕಲಿಯದ್ದೂ ಖಾಲಿ. ಇಪ್ಪತ್ತನೆಯ ಶತಮಾನದಲ್ಲಿ ಈ ಚಿತ್ರಗಳನ್ನು ಕ್ಯಾಲೆಂಡರುಗಳಿಗೆ, ಪುಸ್ತಕಗಳಿಗೆ ಲೆಕ್ಕವಿಲ್ಲದಷ್ಟು ಸಲ ಮರುಮುದ್ರಿಸಿದ್ದಾರೆ. ನಾನೇ ಮೋಸಹೋದೆ. ಒಂದು ಸಂತೆಯಲ್ಲಿ ಕುಡುಕನ ಪಯಣ ಕಂಡಿತು. ಹಳೆಯ ಮರದ ಚೌಕಟ್ಟು, ಗಾಜಿನ ಮೇಲೆ ಧೂಳು. ಚೌಕಟ್ಟಿನಿಂದ ತೆಗೆದು ತೋರಿಸಿ ಅಂತ ಕೇಳಲು ಸಂಕೋಚವಾಗಿ ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಬಿಚ್ಚಿ ಭೂತಗನ್ನಡಿ ಇಟ್ಟರೆ, ರಂಗೋಲಿಗೆ ಇಟ್ಟ ಚುಕ್ಕಿಗಳ ಹಾಗೆ ಸಾಲು ಸಾಲು ಚುಕ್ಕಿ. ಅದು ಕ್ಯಾಮೆರಾ ಬಳಸಿ ಮಾಡಿದ ಆಧುನಿಕ ಮುದ್ರಣದ ಗುರುತು. ಅಸಲಿ ಕಲ್ಲಚ್ಚಿನಲ್ಲಿ ಕಲ್ಲಿನ ತರಿ ಬಂದಿರುತ್ತದೆ. ರಾಗಿ ಹಿಟ್ಟು ಚೆಲ್ಲಿದ ಹಾಗೆ, ಸಾಲಿಲ್ಲ, ಲೆಕ್ಕವಿಲ್ಲ. ಬಣ್ಣವೂ ಅಲ್ಲಲ್ಲಿ ಗೆರೆ ದಾಟಿರುತ್ತದೆ, ಕೈಯಿಂದ ತುಂಬಿದ್ದಲ್ವಾ. ಇದೇ ಪರೀಕ್ಷೆಯನ್ನು ಪಕ್ ಪುಟಕ್ಕೆ ಹಾಗೆಯೇ ಹಚ್ಚಬೇಡಿ. ಬಣ್ಣದ ಕಲ್ಲಚ್ಚಿನಲ್ಲಿ ಚುಕ್ಕಿಗಳನ್ನು ಬೇಕಂತಲೇ ಇಡುತ್ತಿದ್ದರು.

ಇನ್ನೊಂದು ಮಾತು. ಇದೇ ಕಂಪನಿ 1880ರ ದಶಕದಲ್ಲಿ ‘ಡಾರ್ಕ್‌ಟೌನ್’ ಅನ್ನುವ ಸರಣಿಯಲ್ಲಿ ಕಪ್ಪು ಜನರನ್ನು ಅತಿ ಕೆಟ್ಟದಾಗಿ ಗೇಲಿ ಮಾಡಿತು. ಅದನ್ನು ಮನೆಯ ಅಲಂಕಾರಕ್ಕೆ ಕೊಳ್ಳಬೇಡಿ. ದಯವಿಟ್ಟು.

ನನಗೆ ಇಷ್ಟದವು: ಕೈಯಿಂದ ಕೈಗೆ ಓಡಾಡಿದ ಚೂರುಗಳು

ಗೋಡೆಚಿತ್ರ ಗೋಡೆಯ ಮೇಲಿತ್ತು. ಪೋಸ್ಟ್‌ಕಾರ್ಡ್, ಪ್ರತಿಜ್ಞೆ ಕಾರ್ಡ್, ಫೋಟೋ ಚೀಟಿ ಇವು ಜನರ ಜೇಬಿನಲ್ಲಿದ್ದವು. ಹಿಂಬದಿಯ ಸುಖ ಇಲ್ಲಿ ಪೂರ್ತಿ ಸಿಗುತ್ತದೆ.

ಮಹಿಳಾ ಮತದಾನದ ಪೋಸ್ಟ್‌ಕಾರ್ಡುಗಳಲ್ಲಿ ಎರಡು ಬಗೆ. ಚಳವಳಿಯ ಸಂಘಗಳು ಮಾಡಿಸಿದವು ಒಂದು, ಚಳವಳಿಯನ್ನು ಹಂಗಿಸಿ ಅಂಗಡಿಗೆ ಬಂದವು ಇನ್ನೊಂದು. ನ್ಯೂಯಾರ್ಕಿನ ಡನ್‌ಸ್ಟನ್ ವೈಲರ್ ಲಿಥೋಗ್ರಾಫ್ ಕಂಪನಿ 1909ರಲ್ಲಿ 12 ಕಾರ್ಡುಗಳ ಒಂದು ಸೆಟ್ ತಂದಿತು. ಒಂದರಲ್ಲಿ ಗಂಡಸೊಬ್ಬ ಕೂಸನ್ನು ಎತ್ತಿಕೊಂಡಿದ್ದಾನೆ. ಹಿಂದಿನ ಗೋಡೆಯ ತಟ್ಟೆ ಅವನ ತಲೆಯ ಸುತ್ತ ಪ್ರಭಾವಳಿಯ ಹಾಗೆ ಕಾಣುತ್ತದೆ. ಹೆಂಡತಿ ಮತ ಹಾಕಲು ಹೊರಟರೆ ಗಂಡ ಮಗು ನೋಡಿಕೊಳ್ಳಬೇಕಾಗುತ್ತದೆ ಅನ್ನುವುದೇ ಅವರ ಹೆದರಿಕೆ. ಈ ಎರಡು ಬಗೆಯನ್ನೂ ಒಂದೊಂದು ಕೊಂಡು ಜೋಡಿಯಾಗಿ ಇಡಿ. ಒಂದನ್ನೇ ಇಟ್ಟರೆ ಜಗಳದ ಒಂದು ಬದಿ ಮಾತ್ರ ಕೇಳುತ್ತದೆ.

ಕಾಲ ಹೇಳುವುದು ಹಿಂಬದಿ. ಮಧ್ಯದಲ್ಲಿ ಗೆರೆ ಹಾಕಿ ಒಂದು ಕಡೆ ವಿಳಾಸ, ಒಂದು ಕಡೆ ಸುದ್ದಿ ಬರೆಯಲು ಅಮೆರಿಕದ ಅಂಚೆ ಒಪ್ಪಿದ್ದು 1907ರ ಮಾರ್ಚ್ 1ರಿಂದ. 1 ಸೆಂಟ್ ಅಂಚೆಚೀಟಿ, ಊರಿನ ಮೊಹರು, ಪೆನ್ಸಿಲಿನಲ್ಲಿ ಎರಡು ಸಾಲು. ಬರೆಯದ ಹೊಸ ಕಾರ್ಡಿಗಿಂತ ಬರೆದ ಕಾರ್ಡನ್ನೇ ಆರಿಸಿ. ನನ್ನ ಬಳಿ ಇರುವ ಒಂದರ ಹಿಂದೆ ಮತದ ಬಗ್ಗೆ ಒಂದು ಮಾತೂ ಇಲ್ಲ. ಶನಿವಾರದ ರೈಲಿಗೆ ಬರ್ತೇನೆ, ಸ್ಟೇಷನ್ನಿಗೆ ಬಾ ಅಂತಷ್ಟೇ ಇದೆ. ಚಳವಳಿ ಜನರ ದಿನದ ಬದುಕಿನೊಳಗೆ ಎಷ್ಟು ಸಲೀಸಾಗಿ ಸೇರಿಹೋಗಿತ್ತು ಅನ್ನುವುದು ನನಗೆ ಗೊತ್ತಾದದ್ದು ಅಲ್ಲಿ.

ಪ್ರತಿಜ್ಞೆ ಕಾರ್ಡುಗಳು ಇನ್ನೂ ಅಗ್ಗ. ಅಂಗಡಿಯವರು ಇವನ್ನು ಡಬ್ಬಿಯಲ್ಲಿ ಸುಮ್ನೆ ತುಂಬಿಟ್ಟಿರುತ್ತಾರೆ. ಮಹಿಳೆಯರ ಕ್ರಿಶ್ಚಿಯನ್ ಪಾನವಿರೋಧಿ ಒಕ್ಕೂಟ 1874ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾಯಿತು. ಬಿಳಿ ರಿಬ್ಬನ್ ಅವರ ಗುರುತು. ಅವರ ಪ್ರತಿಜ್ಞೆಯಲ್ಲಿ ದೇವರ ಸಹಾಯದಿಂದ ಮದ್ಯ ಮುಟ್ಟುವುದಿಲ್ಲ ಅಂತ ಹೇಳಿ, ವೈನ್, ಬಿಯರ್ ಜೊತೆಗೆ ಸೈಡರ್ ಹೆಸರನ್ನೂ ಸೇರಿಸಿದ್ದಾರೆ. ಸೈಡರ್ ಅಂದರೆ ಸೇಬಿನ ರಸ ಹುಳಿ ಬರಿಸಿ ಮಾಡುವ ಪಾನೀಯ. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅಧ್ಯಕ್ಷ ಚುನಾವಣೆ ಗೆದ್ದದ್ದು ಮರದ ದಿಮ್ಮಿಯ ಗುಡಿಸಲು ಮತ್ತು ಸೈಡರ್ ಪೀಪಾಯಿಯನ್ನೇ ಗುರುತು ಮಾಡಿಕೊಂಡು. ಆ ಚುನಾವಣೆಯ ರೇಷ್ಮೆ ರಿಬ್ಬನ್ನೂ ಈ ಕಾರ್ಡೂ ಒಟ್ಟಿಗೆ ಇದ್ದರೆ ಎಷ್ಟು ಚೆಂದ! ರಿಬ್ಬನ್ ನನಗೆ ಇನ್ನೂ ಸಿಕ್ಕಿಲ್ಲ. ಸಹಿ ಇಲ್ಲದ ಕಾರ್ಡು ಬೇಡ. ನನ್ನ ಕಾರ್ಡಿನ ಸಹಿ ಮಗುವಿನದಿರಬೇಕು. ಮೊದಲ ಅಕ್ಷರ ಒತ್ತಿ ಬರೆದು ಕಾಗದ ತಗ್ಗಾಗಿದೆ, ಕೊನೆಯ ಅಕ್ಷರಗಳಿಗೆ ಜಾಗ ಸಾಲದೆ ಅಂಚಿನಲ್ಲಿ ಬಾಗಿವೆ. ತಿರುಗಿಸಿದರೆ ಪೆನ್ಸಿಲಿನಲ್ಲಿ ಕೂಡುವ ಲೆಕ್ಕ ಇದೆ.

ಫೋಟೋ ಚೀಟಿಗಳಲ್ಲಿ ಒಂದರ ಹೆಸರು ಹೇಳದೆ ಮುಂದೆ ಹೋಗಲಾರೆ. ಗುಲಾಮಳಾಗಿ ಹುಟ್ಟಿ, ಬಿಡುಗಡೆ ಹೊಂದಿ, ಊರೂರು ತಿರುಗಿ ಭಾಷಣ ಮಾಡಿದ ಸೋಜರ್ನರ್ ಟ್ರೂತ್ ತನ್ನ ಚಿಕ್ಕ ಫೋಟೋಗಳನ್ನು ಮಾರಿ ಖರ್ಚು ನೋಡಿಕೊಳ್ಳುತ್ತಿದ್ದಳು. 1864ರ ಚೀಟಿಯಲ್ಲಿ ಆಕೆ ಹೆಣಿಗೆ ಹಿಡಿದು ಕೂತಿದ್ದಾಳೆ. ಕೆಳಗೆ ಅಚ್ಚಾದ ಸಾಲಿನ ಅರ್ಥ: ‘ಅಸಲನ್ನು ಸಾಕಲು ನೆರಳನ್ನು ಮಾರುತ್ತೇನೆ.’ ಹಿಂದೊಮ್ಮೆ ತನ್ನನ್ನೇ ಮಾರಿದ್ದರು. ಈಗ ತನ್ನ ಚಿತ್ರವನ್ನು ತಾನೇ ಮಾರುತ್ತಾಳೆ, ಹಕ್ಕು ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡು. ಇವತ್ತು ಅದಕ್ಕೆ ಸಾವಿರಾರು ಡಾಲರ್. ನಮ್ಮಂಥವರ ಕೈಗೆ ಎಟುಕುವುದಿಲ್ಲ. ಆದರೆ ಅದೇ ಕಾಲದ ಬೇರೆ ಫೋಟೋ ಚೀಟಿ ಕೊಳ್ಳುವಾಗ ಒಂದು ಗುಟ್ಟು ನೆನಪಿರಲಿ. ಅಮೆರಿಕದ ಅಂತರ್ಯುದ್ಧದ ಖರ್ಚಿಗೆ ಸರ್ಕಾರ ಫೋಟೋಗಳ ಮೇಲೆ ತೆರಿಗೆ ಹಾಕಿತ್ತು. ಹಿಂದೆ ತೆರಿಗೆಯ ಚೀಟಿ ಅಂಟಿಸಿದ್ದರೆ ಅದು ಮಾರಾಟವಾದದ್ದು 1864ರ ಸೆಪ್ಟೆಂಬರ್ ಮತ್ತು 1866ರ ಆಗಸ್ಟ್ ನಡುವೆ.

ಬಿಲ್ಲೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸೆಲ್ಯುಲಾಯ್ಡ್ ಅನ್ನುವ ಹಳೆಯ ಪ್ಲಾಸ್ಟಿಕ್ ಹೊದಿಕೆಯ ಬಿಲ್ಲೆಗಳು ಚುನಾವಣೆಯಲ್ಲಿ ಹರಡಿದ್ದು 1896ರಲ್ಲಿ, ಅಧ್ಯಕ್ಷ ಸ್ಥಾನಕ್ಕೆ ಮೆಕಿನ್ಲಿ ಮತ್ತು ಬ್ರಯನ್ ಸ್ಪರ್ಧಿಸಿದಾಗ. ನ್ಯೂಜೆರ್ಸಿಯ ನ್ಯೂವರ್ಕಿನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಆ ಕಾಲದ ದೊಡ್ಡ ಹೆಸರು. ತಿರುಗಿಸಿದರೆ ಒಳಗೆ ಕಾಗದದ ಚೂರಿನಲ್ಲಿ ಹೆಸರು, ಪೇಟೆಂಟ್ ತಾರೀಖು ಇರುತ್ತದೆ. ತಗಡಿನ ಮೇಲೆ ನೇರ ಅಚ್ಚಾದ ಮೆಕಿನ್ಲಿ ಬಿಲ್ಲೆ ಸಿಕ್ಕರೆ ಅದು ಆಮೇಲಿನ ನಕಲು. 1973ರ ಕಾನೂನಿನ ಪ್ರಕಾರ ಅನುಕರಣೆಯ ಮೇಲೆ ತಯಾರಾದ ವರ್ಷ ಇರಲೇಬೇಕು. ಅದಕ್ಕೂ ಮೊದಲಿನ ನಕಲುಗಳಿಗೆ ಆ ಗುರುತಿಲ್ಲ.

ಕೊಳ್ಳದೆ ನೋಡಬೇಕಾದವು

ಗುಲಾಮಗಿರಿ ವಿರೋಧಿ ಕರಪತ್ರಗಳನ್ನು ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಸಲಿ ತೀರ ಕಡಿಮೆ, ನಕಲಿ ತೀರ ಜಾಸ್ತಿ. 1851ರ ಏಪ್ರಿಲ್ 24ರಂದು ಬಾಸ್ಟನ್ನಿನ ಗೋಡೆಗಳ ಮೇಲೆ ಒಂದು ಭಿತ್ತಿಪತ್ರ ಬಂತು. ಊರಿನ ಕಪ್ಪು ಜನರೇ ಎಚ್ಚರ, ಪೊಲೀಸರ ಜೊತೆ ಮಾತಾಡಬೇಡಿ, ಹಿಡಿದು ದಕ್ಷಿಣಕ್ಕೆ ಕಳಿಸುತ್ತಾರೆ ಅಂತ. ಓಡಿಬಂದ ಗುಲಾಮರನ್ನು ಹಿಡಿದು ದಕ್ಷಿಣದ ಒಡೆಯರಿಗೆ ಒಪ್ಪಿಸಬೇಕು ಅಂತ ಹಿಂದಿನ ವರ್ಷ ಬಂದ ಕಾನೂನಿನ ನೇರ ಫಲ ಅದು. ಇದರ ನಕಲುಗಳನ್ನು ಬೇಕಂತಲೇ ಕಂದು ಮಾಡಿದ, ಗರಿಗರಿ ಸದ್ದು ಮಾಡುವ ಕಾಗದದಲ್ಲಿ ಮಾರುತ್ತಾರೆ. ಅಸಲಿ ಹಾಳೆಯಾದರೆ ಬೆರಳು ಹಿಂಬದಿಯಲ್ಲಿ ಆಡಿಸಿದಾಗ ಮೊಳೆಯಚ್ಚು, ಅಂದರೆ ಲೋಹದ ಅಕ್ಷರಗಳು, ಒತ್ತಿದ ಉಬ್ಬು ತಾಗಬೇಕು.

ಇಂಥವನ್ನು ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಿಂದ ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. 1920ಕ್ಕಿಂತ ಹಿಂದೆ ಪ್ರಕಟವಾದವಕ್ಕೆ ಅಮೆರಿಕದಲ್ಲಿ ಈಗ ಕಾಪಿರೈಟ್ ಇಲ್ಲ. ಬೆಂಗಳೂರಿನಲ್ಲಿ ಕೂತವರೂ ಇಳಿಸಿಕೊಂಡು, ಒಳ್ಳೆಯ ಕಾಗದದಲ್ಲಿ ಪ್ರಿಂಟ್ ತೆಗೆಸಿ ತರಗತಿಯಲ್ಲಿ ತೂಗುಹಾಕಬಹುದು. ಮ್ಯಾಸಚೂಸೆಟ್ಸಿನ ವುಸ್ಟರ್ ಊರಿನಲ್ಲಿ 1812ರಿಂದ ಇರುವ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಕೂಡ ಇಂಥ ಕಾಗದಗಳ ದೊಡ್ಡ ಮನೆ. ಬಾಸ್ಟನ್ ಕಡೆ ಇದ್ದರೆ ಹೋಗಿ ಬನ್ನಿ.

ಊರಿಗೆ ಒಯ್ಯುವವರಿಗೆ ಎರಡು ಮಾತು. ಸುರುಳಿ ಸುತ್ತಬೇಡಿ. ಆಮ್ಲವಿಲ್ಲದ ಎರಡು ರಟ್ಟುಗಳ ನಡುವೆ ಚಪ್ಪಟೆಯಾಗಿ ಇಟ್ಟು ಸೂಟ್‌ಕೇಸಿನ ತಳದಲ್ಲಿ ಹಾಕಿ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಅದನ್ನು ಮತ್ತೆ ಬಿಡಿಸಲಾಗದು. ಕರಾವಳಿಯ ಮನೆಯಾದರೆ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ತೂಗುಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಬಿಲ್ಲೆಗೆ ತೇವ ತಾಗಿದರೆ ಒಳಗಿನ ತಗಡು ತುಕ್ಕು ಹಿಡಿದು ಚಿತ್ರದ ಮೇಲೆ ಕಂದು ಚುಕ್ಕಿ ಏಳುತ್ತದೆ. ಕೈಬಣ್ಣದ ಚಿತ್ರಕ್ಕೆ ಬಿಸಿಲು ಬೀಳಬಾರದು.

ನನ್ನನ್ನೇ ಕೇಳಿದರೆ ಸಾಲು ಹೀಗೆ. ಮೊದಲು ನಾಸ್ಟ್‌ನ ಒಂದು ಪುಟ, ಸಾಧ್ಯವಾದರೆ ಆ ಗಂಗೆಯದ್ದು. ಆಮೇಲೆ ಸಹಿ ಇರುವ ಪ್ರತಿಜ್ಞೆ ಕಾರ್ಡು. ಆಮೇಲೆ ಪರ ವಿರೋಧದ ಎರಡು ಪೋಸ್ಟ್‌ಕಾರ್ಡು. ಪಕ್ ಬೇಕಾದರೆ, ಮಡಿಕೆ ಗಟ್ಟಿ ಇರುವ ಪ್ರತಿ ಸಿಗುವವರೆಗೆ ಕಾಯಿರಿ. ಕರಿಯರ್ ಅಂಡ್ ಐವ್ಸ್ ಕೊಳ್ಳುವ ಮೊದಲು ಲೈಬ್ರರಿಯಲ್ಲೋ ಮ್ಯೂಸಿಯಮ್ಮಿನಲ್ಲೋ ಹತ್ತಾರು ಅಸಲಿ ಹಾಳೆ ಕಣ್ಣಾರೆ ನೋಡಿರಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಮಾರುವವರಿಗೆ ಮೊದಲೇ ಬರೆಯಿರಿ: ಚೌಕಟ್ಟಿನಿಂದ ತೆಗೆದು ಹಿಂಬದಿಯ ಫೋಟೋ ಕಳಿಸಿ ಅಂತ. ಕಳಿಸಲು ಒಪ್ಪದಿದ್ದರೆ ಬಿಟ್ಟುಬಿಡಿ. ನಾಸ್ಟ್‌ನ ಆ ವಾರದ ಪುಟ ಇನ್ನೊಂದು ಕಡೆ ಸಿಕ್ಕೇ ಸಿಗುತ್ತದೆ.